ಗಂಧದ ಮಾಲೆ ಹಾಕಿಕೊಂಡು ಬಂದ ಮುಖಪುಟ

ನಮ್ಮ ಪ್ರಕಾಶನ ಅಂದರೆ ಬಂಗಾರಪೇಟೆ ಸ್ಟೇಷನ್ ಹತ್ತಿರ ಮಹಡಿ ಮೇಲಿನ ಒಂದು ಕೋಣೆ, ಒಂದು ಕಂಪ್ಯೂಟರು, ಮತ್ತೆ ನಾನು. ಬರೆಯುವವರನ್ನು ಸಂಭಾಳಿಸುವ ವಿದ್ಯೆ ನನಗೆ ಗೊತ್ತು. ಎರಡು ಮಾತು ಹೊಗಳಿದರೆ ಸುಮ್ಮನಾಗುತ್ತಾರೆ. ಚಿತ್ರ ಬರೆಯುವವರ ಸಹವಾಸ ಮಾತ್ರ ನನ್ನ ಶತ್ರುವಿಗೂ ಬೇಡ.

ಆ ಸಲ ಕೈಯಲ್ಲಿದ್ದದ್ದು ಬೂದಿಕೋಟೆ ಕಡೆಯ ಒಬ್ಬ ನರ್ಸಮ್ಮನ ನೆನಪುಗಳು. ಸುತ್ತಲ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿಯೇ ತಲೆ ಬೆಳ್ಳಗಾದವರು. ಅವರು ನನ್ನನ್ನು ಕೇಳಿದ್ದು ಒಂದೇ, ಮುಖಪುಟದಲ್ಲಿ ತಮ್ಮ ಚಿತ್ರ ಇರಬೇಕು. ಅವರದೇ ಅಂತ ಹೇಳಿಕೊಳ್ಳಲು ಮನೆಯಲ್ಲಿ ಒಂದು ಒಳ್ಳೆಯ ಫೋಟೋ ಇರಲಿಲ್ಲ. ಇದ್ದವೆಲ್ಲ ಬೇರೆಯವರ ಮದುವೆ, ನಾಮಕರಣದವು. ಅದರಲ್ಲೂ ಯಾರದೋ ಕೂಸನ್ನೆತ್ತಿಕೊಂಡು ಮೂಲೆಯಲ್ಲಿ ಅರ್ಧ ಕಾಣಿಸುತ್ತಿದ್ದರು.

"ನಾನೂ ಇದ್ದೆ ಅಂತ ಒಂದ್ ಕಡೆ ನೆಟ್ಟಗೆ ಕಾಣ್ಬೇಕು ಕಣಮ್ಮ. ಇಲ್ದಿದ್ರೆ ಆ ಪುಸ್ತಕಾನೇ ಬ್ಯಾಡ," ಅಂದುಬಿಟ್ಟರು. ಅವರು ಬೇಡ ಅಂದರೆ ಬೇಡವೇ.

ಮೊದಲು ಬೆಂಗಳೂರಿನ ಕಲಾವಿದೆಯೊಬ್ಬಳಿಗೆ ಕೊಟ್ಟೆ. ಕಾಸಗಲ ಕುಂಕುಮ, ಅರ್ಧ ಮುಚ್ಚಿದ ಕಣ್ಣು, ಸೊಂಟದ ಮೇಲೊಂದು ಬಿಂದಿಗೆ ಇರುವ ಹೆಂಗಸನ್ನು ಬರೆದು ಕಳಿಸಿದಳು. ನರ್ಸಮ್ಮ ನೋಡಿ, ಇವಳು ರಕ್ತ ಕಂಡರೆ ತಾನೇ ಬಿದ್ದುಹೋಗುತ್ತಾಳೆ ಅಂದರು. ತಿದ್ದಿಕೊಡಮ್ಮ ಅಂದರೆ, ಅದು ಮುಖವಲ್ಲ, ಮಣ್ಣಿನ ಮಗಳ ಭಾವ ಅಂತ ಆ ಹುಡುಗಿಯ ಉತ್ತರ. ನನಗೆ ಮೈ ಉರಿದುಹೋಯಿತು. ಭಾವ ಕಟ್ಟಿಕೊಂಡು ನಾನೇನು ಮಾಡಲಿ, ನನಗೆ ಮೂಗು ಬೇಕಾಗಿತ್ತು.

ಆಗ ಯಾರೋ ಕೆ.ಜಿ.ಎಫ್.ನ ಒಬ್ಬ ಕಲಾವಿದರ ನಂಬರು ಕೊಟ್ಟರು. ಮುಖ ಅಂದರೆ ಅವರದೇ ಕೈ ಅಂತ ಹೊಗಳಿದರೇ ಹೊರತು, ಅವರು ಬರೆಯುವುದು ತೀರಿಕೊಂಡವರನ್ನು ಮಾತ್ರ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. ಆ ಊರಲ್ಲಿ ಯಾರಾದರೂ ಸತ್ತರೆ ಮನೆಯವರು ರೇಷನ್ ಕಾರ್ಡಿನದೋ ಮತ್ತೆಲ್ಲಿಯದೋ ಒಂದು ಫೋಟೋ ತಂದುಕೊಡುತ್ತಾರೆ. ಇವರು ಅದರ ಮೇಲೆ ಅಳತೆಗೆ ಚೌಕ ಹಾಕಿಕೊಂಡು ದೊಡ್ಡದಾಗಿ ಬರೆದುಕೊಡುತ್ತಾರೆ. ಗಂಡಸರಾದರೆ ಕೋಟು, ಹೆಂಗಸರಾದರೆ ರೇಷ್ಮೆ ಸೀರೆ, ಕಾಸಿನ ಸರ. ಎಲ್ಲರೂ ಒಂದಿಷ್ಟು ಬೆಳ್ಳಗಾಗುತ್ತಾರೆ. ಬದುಕಿದ್ದಾಗ ಸಿಗದ ಮರ್ಯಾದೆ ಗೋಡೆ ಮೇಲಾದರೂ ಸಿಗಲಿ ಅಂತ. ದುಃಖದಲ್ಲಿರುವವರನ್ನು ಏನೂ ಕೇಳಬಾರದು ಅನ್ನುವುದು ಅವರ ನಿಯಮ.

ನಾನು ಫೋನು ಮಾಡಿದ ದಿನ ನೆಗಡಿಯಾಗಿ ಗಂಟಲು ಕಟ್ಟಿತ್ತು. ಮದುವೆ ಫೋಟೋದಲ್ಲಿ ನರ್ಸಮ್ಮನ ಮುಖಕ್ಕೆ ಸುತ್ತು ಹಾಕಿ ಕಳಿಸಿ, ಪುಸ್ತಕಕ್ಕೆ ಇವರದೊಂದು ಚಿತ್ರ ಬೇಕು ಅಂತ ಒಡೆದ ದನಿಯಲ್ಲಿ ಹೇಳಿದೆ. ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನಾನು ನೋಡಿಕೊಳ್ಳುತ್ತೇನೆ ಅಂದರು. ಮುಖಪುಟಕ್ಕಾಗಿ ಇಷ್ಟು ಸಮಾಧಾನ ಹೇಳುವ ಕಲಾವಿದರೂ ಇದ್ದಾರಲ್ಲ ಅಂತ ನಾನು ಕರಗಿಹೋದೆ. ಅವರು ಅದನ್ನು ತಿಥಿಯ ದಿನ ಹಂಚುವ ಪುಸ್ತಕ ಅಂದುಕೊಂಡಿದ್ದರಂತೆ.

ಒಂದು ಬೆಳಿಗ್ಗೆ ಕೆ.ಜಿ.ಎಫ್. ಕಡೆಯಿಂದ ಬರುವ ಮಾರಿಕುಪ್ಪಂ ರೈಲಿನಲ್ಲಿ ಪಟವನ್ನು ಎದೆಗವಚಿಕೊಂಡು ಬಂದಿಳಿದರು. ಗಾಜು, ಕಟ್ಟು, ಗಂಧದ ಮಾಲೆ, ಕೆಳಗೊಂದು ಕೆಂಪು ಝೀರೋ ಬಲ್ಬು, ಎಲ್ಲ ಮುಗಿಸಿಯೇ ತಂದಿದ್ದರು. ರೈಲಿನಲ್ಲಿ ಜನ ಸರಿದು ಪಟಕ್ಕೆ ಕಿಟಕಿ ಪಕ್ಕದ ಸೀಟು ಬಿಟ್ಟರಂತೆ. ಸ್ಟೇಷನ್ ಹೊರಗೆ ಬೂದಿಕೋಟೆಯ ಇಬ್ಬರು ಹೆಂಗಸರು ಗುರುತು ಹಿಡಿದು, ಕೈಮುಗಿದು, ಕಣ್ಣೊರೆಸಿಕೊಂಡು, ಆಗಲೇ ಊರಿಗೆ ಫೋನು ಮಾಡುತ್ತಿದ್ದರಂತೆ. ಇದನ್ನೆಲ್ಲ ಅವರು ಹೆಮ್ಮೆಯಿಂದ ಹೇಳುತ್ತಿದ್ದರೆ ನನ್ನ ಜೀವ ಬಾಯಿಗೆ ಬಂದಿತ್ತು. ನರ್ಸಮ್ಮ ಬದುಕಿದ್ದಾರೆ ಕಣ್ರೀ ಅಂದೆ.

ಕಲಾವಿದರು ಕಾಫಿ ಲೋಟ ಕೆಳಗಿಟ್ಟರು. "ಬದುಕಿರೋರು ನನ್ನತ್ರ ಯಾಕ್ ಬರ್ತಾರೆ ಮೇಡಂ?"

ಮೊದಲು ಆ ಮಾಲೆ ತೆಗೆಯಿರಿ ಅಂದೆ. ಹಾಕಿದ ಮಾಲೆ ತೆಗೆಯುವುದು ಅಪಶಕುನ ಅಂದರು. ಜೀವ ಇರುವವರಿಗೆ ಹಾಕಿದ್ದು ಶುಭಶಕುನವೋ ಅಂತ ನಾನು ಕೂಗಾಡಿದೆ. ಜಗಳ ಹರಿಯುವಷ್ಟರಲ್ಲಿ ಮಧ್ಯಾಹ್ನವಾಯಿತು, ಮೆಟ್ಟಿಲ ಮೇಲೆ ಧಪಧಪ ಸದ್ದಾಯಿತು. ನರ್ಸಮ್ಮ ಖುದ್ದಾಗಿ ಬಂದಿದ್ದರು. ಅವರ ಜಗಲಿ ತುಂಬ ಜನ ಸೇರಿದ್ದರಂತೆ, ಒಬ್ಬರು ಊದುಬತ್ತಿ ಸಮೇತ. ಎಲ್ಲರಿಗೂ ಕಾಫಿ ಕೊಟ್ಟು ಕಳಿಸಿ ಬಸ್ಸು ಹತ್ತಿದ್ದರು. ಅವರನ್ನು ಕಂಡದ್ದೇ ಕಲಾವಿದರು ಎದ್ದು ಕೈಮುಗಿದುಬಿಟ್ಟರು. ಅಭ್ಯಾಸಬಲ.

ನರ್ಸಮ್ಮ ಕನ್ನಡಕ ಏರಿಸಿ ಪಟ ನೋಡಿದರು. "ಕೂಸು ಉಟ್ಟೋಕ್ ಮುಂಚೆ ಕುಲಾವಿ ಅಂತಾರೆ. ಇವ್ನು ನೋಡು, ಮಾಲೇನೇ ತಂದವ್ನೆ." ನಗುತ್ತಲೇ ಹತ್ತಿರ ಹೋದರು. ರೇಷ್ಮೆ ಸೀರೆ ನೋಡಿದರು, ಕಾಸಿನ ಸರ ನೋಡಿದರು, ಆ ಬಿಳಿಚಿದ ಕೆನ್ನೆ ನೋಡಿದರು. ನಗು ನಿಂತಿತು. "ಇದ್ರಾಗೂ ನಾನಿಲ್ವಲ್ಲಮ್ಮ," ಅಂದಾಗ ಅವರ ಕಣ್ಣು ತುಂಬಿತ್ತು. ಮಾಲೆಗೆ ಬಯ್ಯುತ್ತಾರೆ ಅಂತ ನಾನು ಕಾದಿದ್ದೆ.

ಕಲಾವಿದರು ನನ್ನ ಪ್ರೂಫ್ ಹಾಳೆಯೊಂದನ್ನು ಮಗುಚಿ ಪೆನ್ಸಿಲು ಹಿಡಿದರು. ನರ್ಸಮ್ಮ ಎದುರಿಗೆ ಕುರ್ಚಿ ಎಳೆದುಕೊಂಡು, ತಮ್ಮ ಕರಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಫೋಟೋ ಆದರೆ ಚೌಕ ಎಳೆಯಬಹುದು. ಮಾತಾಡುವ ಮುಖಕ್ಕೆ ಎಲ್ಲಿ ಎಳೆಯುವುದು? ಸ್ವಲ್ಪ ಅಲ್ಲಾಡದೆ ಕೂತುಕೊಳ್ಳಮ್ಮ ಅಂತ ಅವರು ಬೇಡಿಕೊಂಡರೆ, ಸತ್ತವರ ಹಾಗೆ ಕೂರುವುದಕ್ಕೆ ತನಗೆ ಬರುವುದಿಲ್ಲ ಅಂತ ಇವರು ಮತ್ತೊಂದು ಹೆರಿಗೆಯ ಕಥೆ ತೆಗೆದರು. ಮೂಗು ಸಣ್ಣಗಾದರೆ ಬೈಗುಳ. ಪೆನ್ಸಿಲು ತಾನಾಗಿಯೇ ಕತ್ತಿನ ಕಡೆ ಸರ ಬರೆಯಲು ಹೋದಾಗ ಕೈಮೇಲೆ ಫಟ್ ಅಂತ ಒಂದು ಏಟು ಬಿತ್ತು. ನಾನು ಇನ್ನಷ್ಟು ಪ್ರೂಫು ತಂದುಕೊಟ್ಟೆ.

ಕೊನೆಗೆ ಒಂದು ಹಾಳೆಯನ್ನು ತಿರುಗಿಸಿ ಹಿಡಿದರು. ದಪ್ಪ ಮೂಗು, ಕೆದರಿದ ಕೂದಲು, ಏನೋ ಹೇಳುತ್ತಾ ಅರ್ಧ ತೆರೆದ ಬಾಯಿ, ತೊಡೆಯ ಮೇಲೆ ಬ್ಯಾಗು. ನರ್ಸಮ್ಮ ಸುಮಾರು ಹೊತ್ತು ನೋಡಿ, "ಊಂ, ಇದು ನಾನೇ," ಅಂದರು.

ಕಲಾವಿದರು ಹಾಳೆ ಕೆಳಗಿಡಲೇ ಇಲ್ಲ. ತಮ್ಮ ಚಿತ್ರ ನೋಡಿ ಮಕ್ಕಳು ಅತ್ತಿದ್ದುಂಟು, ಸೊಸೆಯಂದಿರು ಹೊಗಳಿದ್ದುಂಟು ಅಂದರು. "ಆದ್ರೆ ನಾನ್ ಬರ್ದೋರು ಯಾರೂ ಇದುವರ್ಗೂ ಹೇಳಿಲ್ಲಮ್ಮ, ಇದು ನಾನೇ ಅಂತ."

ನರ್ಸಮ್ಮ ಬ್ಯಾಗು ಕೆಳಗಿಟ್ಟರು. "ಅಂಗಾರೆ ಇನ್ನೊಂದ್ ಸಲ ಕೇಳಿಸ್ಕೊ ಕಣಪ್ಪ. ಇದು ನಾನೇ."