ಬೆಟ್ಟದ ಗ್ಯಾರೇಜಿಗೊಂದು ಬೆಚ್ಚನೆಯ ನೆಲ

ಮಸ್ಕತ್ತಿನಲ್ಲಿದ್ದುಕೊಂಡು ಗ್ಯಾರೇಜು ಬಿಸಿ ಮಾಡಲು ಹೊರಟವನು ನಾನೊಬ್ಬನೇ ಇರಬೇಕು. ಇಲ್ಲಿ ಬಿಸಿಲಿಗೆ ನಿಂತ ಕಾರಿನ ಸ್ಟೇರಿಂಗ್ ಮುಟ್ಟಲು ಕರವಸ್ತ್ರ ಬೇಕು. ಊರಿನ ಘಾಲಾ ಬಡಾವಣೆಯಲ್ಲಿರುವ ನಮ್ಮ ಕಂಪನಿಯ ಕಸುಬೇ ಶಾಖವನ್ನು ಕಟ್ಟಡದೊಳಗೆ ಬಿಡದಿರುವುದು. ಅಂಥದ್ದರಲ್ಲಿ ನಮ್ಮ ಕಫೀಲ್, ಅಂದರೆ ನಮ್ಮೆಲ್ಲರ ವೀಸಾ ಯಾರ ಕೈಯಲ್ಲಿದೆಯೋ ಆ ಮಾಲೀಕರು, ಜಬಲ್ ಅಖ್ದರ್ ಬೆಟ್ಟದ ಮೇಲಿನ ತಮ್ಮ ಮನೆಯಲ್ಲಿ ಹಳೆಯ ಕಾರಿಗೊಂದು ಬೆಚ್ಚನೆಯ ಗ್ಯಾರೇಜು ಬೇಕೆಂದರು. ಅಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ.

ಎಣ್ಣೆಯ ಬೆಲೆ ನೆಲ ಕಚ್ಚಿದ ವರ್ಷಗಳವು. ಕಂಪನಿಗೆ ಉಳಿದಿದ್ದುದು ಇದೊಂದೇ ಕೆಲಸ. ಇದು ಮುಗಿದರೆ ನಾವೂ ಮುಗಿದಂತೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ದಾರ್ಸೈಟಿನಲ್ಲಿ ನಾವು ಬಾಡಿಗೆಗಿದ್ದ ಕಟ್ಟಡದಲ್ಲಿ ಯಾರ ಬಾಗಿಲ ಮುಂದಾದರೂ ಖಾಲಿ ರಟ್ಟಿನ ಪೆಟ್ಟಿಗೆ ಕಂಡರೆ, ಊರಿಗೆ ಹೊರಟ ಇನ್ನೊಂದು ಮನೆಯೆಂದು ಎಣಿಸಿಕೊಳ್ಳುತ್ತಿದ್ದೆ. ಯಾರಾದರೂ ಸುಮ್ಮಸುಮ್ಮನೆ ಊಟಕ್ಕೆ ಕರೆದರೆ, ಬೀಳ್ಕೊಡುಗೆಯ ಊಟವೇ ಇರಬೇಕೆಂದು ಇನ್ನೂ ಭಯ. ಮಗಳು ಹತ್ತನೇ ತರಗತಿಯಲ್ಲಿದ್ದಳು. ನಡುವೆಯೇ ಗಂಟುಮೂಟೆ ಕಟ್ಟಬೇಕಾದರೆ ಅವಳ ಗತಿಯೇನು? ಹೆಂಡತಿ ಹೊಸ ಕುಕ್ಕರಿನ ಮಾತೆತ್ತುವುದನ್ನೇ ಬಿಟ್ಟಿದ್ದಳು.

ಕಾಂಕ್ರೀಟಿನೊಳಗೆ ಬಿಸಿನೀರಿನ ಕೊಳವೆ ಹಾಯಿಸುವ ಈ ಬಿಸಿ ನೆಲದ ಶಾಸ್ತ್ರ ಸೊಗಸಾದದ್ದು. ಶಾಖ ಪಾತಾಳಕ್ಕೇ ಇಳಿದು ಹೋಗುತ್ತದೆಂದು ನಾವು ಭಾವಿಸುತ್ತೇವೆ. ಅದು ಹೆಚ್ಚಾಗಿ ಸೋರುವುದು ಅಂಚಿನಿಂದ. ಹಾಗಾಗಿ ಕಾಂಕ್ರೀಟ್ ಸುರಿಯುವ ಮೊದಲು ತಳಕ್ಕೂ ಅಡಿಪಾಯದ ಸುತ್ತಲೂ ಫೋಮ್ ಹಲಗೆ ಕೂರಿಸಬೇಕು, ಒಂದು ಸಂದೂ ಉಳಿಯಬಾರದು. ಕಾಂಕ್ರೀಟ್ ಬಿದ್ದರೆ ನಮ್ಮ ಕೆಲಸ ಖಲಾಸ್. ನನಗೆ ಇದ್ದಕ್ಕಿದ್ದಂತೆ ಎಲ್ಲೆಲ್ಲೂ ಸಂದುಗಳೇ ಕಾಣತೊಡಗಿದವು. ಇಷ್ಟು ಶ್ರದ್ಧೆಯಿಂದ ನಾನು ಪರೀಕ್ಷೆಗೂ ಓದಿರಲಿಲ್ಲ. ಉಡುಪಿ ಕಡೆಯ ಫೋರ್‌ಮನ್ ಲಾರೆನ್ಸನಂತೂ ನನಗಿಂತ ಶ್ರದ್ಧಾವಂತ.

"ಸಾರ್, ಈ ಮೂಲೆಯಲ್ಲಿ ಸ್ವಲ್ಪ ಗಾಳಿ ಹೋಗ್ತದೆ. ಇನ್ನೊಂದು ಪದರ ಹಾಕುವ ಅಲ್ವಾ?" ಎನ್ನುತ್ತಿದ್ದ, ನನ್ನ ಮುಖ ನೋಡದೆ. ನಾನೂ ಅವನ ಮುಖ ನೋಡದೆ ಹಾಕೋಣವೆನ್ನುತ್ತಿದ್ದೆ. ಆ ನೆಲದ ಮೇಲೆ ಕಾರನ್ನಲ್ಲ, ಬಾಣಂತಿಯನ್ನೇ ಮಲಗಿಸಬಹುದಿತ್ತು.

ಒಂದು ಬೆಳಿಗ್ಗೆ ಕಫೀಲರು ಹೇಳದೆ ಕೇಳದೆ ಬಂದರು. ಚಪ್ಪಲಿ ಬಿಟ್ಟು ಹಲಗೆಗಳ ಮೇಲೆ ಮೆಲ್ಲಗೆ ನಡೆದಾಡಿದರು. ಕಾಂಕ್ರೀಟ್ ಯಾವಾಗ ಎಂದು ಅವರು ಕೇಳಿಯೇ ಬಿಡುತ್ತಾರೆಂದು ಹೆದರಿದೆ. ಮಾತು ತಪ್ಪಿಸಲು, ಕಾರನ್ನು ಯಾವ ಕಡೆಗೆ ಮುಖ ಮಾಡಿ ನಿಲ್ಲಿಸುತ್ತೀರಿ, ಸಾಹೇಬರೇ, ಎಂದೆ.

ಕಾರನ್ನು ಮಾರಿ ಬಹಳ ದಿನವಾಯಿತೆಂದರು.

ಲಾರೆನ್ಸನ ಕೈಯಲ್ಲಿದ್ದ ಚಾಕು ಹಲಗೆಯ ಮೇಲೇ ನಿಂತಿತು. ಹಾಗಾದರೆ ಈ ಗ್ಯಾರೇಜು ಯಾತಕ್ಕೆ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಅವರೇ ಕೆಳಗಿನ ಕಣಿವೆಯ ಕಡೆ ನೋಡುತ್ತಾ, ನಮಗಾಗಿ ಇಟ್ಟುಕೊಂಡಿದ್ದ ತಮ್ಮ ಹಿಂದಿಯಲ್ಲಿ ಹೇಳಿದರು: "ನಿಧಾನವಾಗಿ ಮಾಡಿ. ಇದು ಮುಗಿದ ದಿನ ನಾನು ನಿಮ್ಮ ಮುಖ ನೋಡಿ ಮಾತಾಡಬೇಕಾಗುತ್ತದೆ. ಅದಕ್ಕೆ ನನಗೂ ಹೆದರಿಕೆ."

ಅಷ್ಟು ದಿನ ಹೆದರಿಕೆಯೆಂದರೆ ವೀಸಾದ ಮೇಲೆ ಬಂದವರ ಸೊತ್ತು ಎಂದುಕೊಂಡಿದ್ದೆ. ವೀಸಾ ಕೊಡುವವರಿಗೂ ಅದು ಇರುತ್ತದೆಂದು ತಿಳಿದು ನನ್ನ ಭಯವೇನೂ ಕಡಿಮೆಯಾಗಲಿಲ್ಲ, ಆದರೆ ಅದಕ್ಕೆ ಜೊತೆ ಸಿಕ್ಕಿತು. ಲಾರೆನ್ಸ್ ಚಾಕುವನ್ನು ಮತ್ತೆ ಎತ್ತಿಕೊಂಡು, ಬಾಗಿಲ ಬದಿಯಲ್ಲಿ ಇನ್ನೂ ಒಂದು ಸಂದು ಉಂಟೆಂದ. ನಾನು ಅಳತೆಯ ಟೇಪು ತೆಗೆದೆ. ಈ ಸಲ ಹಲಗೆಯ ಆ ತುದಿಯನ್ನು ಕಫೀಲರೇ ಬಗ್ಗಿ ಹಿಡಿದುಕೊಂಡರು.