ಗೌರಿ ಹೂವಿಗೆ ಹೋಗಿದ್ದು

ಗೌರಿ ಹಬ್ಬಕ್ಕೆ ನಮ್ಮತ್ತೆಗೆ ಬೆಟ್ಟದ ಗೌರಿ ಹೂವೇ ಆಗಬೇಕು. ಅಂಗಡಿಯಿಂದ ಎಷ್ಟು ಸೇವಂತಿಗೆ ತಂದರೂ ಸಮಾಧಾನವಿಲ್ಲ. ಕೀಳುವ ಮೊದಲು ಬಳ್ಳಿಯ ಬುಡಕ್ಕೆ ಅರಿಸಿನ ಕುಂಕುಮ ಇಟ್ಟು, ಕೈ ಮುಗಿದು, ಅಪ್ಪಣೆ ಕೇಳಬೇಕು. ಹೋದ ವರ್ಷ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಹಟ ಬಿಡಲಿಲ್ಲ.

“ಇದೊಂದ್ ಸಲ ನಾನೂ ಬತ್ತೀನಿ ಕಣವ್ವ. ಮುಂದಿನ್ ವರ್ಸ ಹತ್ತಕ್ಕಾಯ್ತದೋ ಇಲ್ವೋ.”

ಕೂಟಗಲ್ ಕಡೆಯ ಬೆಟ್ಟ ಹತ್ತಿದೆವು. ಬೆಟ್ಟವೋ ತಿಪ್ಪೆಯೋ. ಬಂಡೆ ಸಂದಿಗಳಲ್ಲೆಲ್ಲ ಬಿರಿಯಾನಿ ಡಬ್ಬಿ, ಬಿಯರ್ ಬಾಟಲಿಯ ಚೂರು, ಮಗುವಿನ ಹೊಲಸು ತುಂಬಿದ ಡೈಪರ್. ಭಾನುವಾರ ಕಾರಿನಲ್ಲಿ ಬಂದು ಹೋಗುವ ಈ ಜನ ತಮ್ಮ ನಡುಮನೆಯಲ್ಲೂ ಹೀಗೇ ಮಾಡುತ್ತಾರಾ? ನಾನು ಮೆತ್ತಗಿನದೇನನ್ನೋ ತುಳಿದೆ. ಏನೆಂದು ನೋಡಲೂ ಅಸಹ್ಯವಾಗಿ, ಚಪ್ಪಲಿಯನ್ನು ಹುಲ್ಲಿಗೆ ಉಜ್ಜುತ್ತಾ ನಿಂತೆ.

ಅತ್ತೆ ಮುಂದೆ ಹೋಗಿದ್ದರು. “ಸಿಕ್ತು ಬಾರವ್ವ” ಎಂದು ಕರೆದರು. ಲಂಟಾನ ಪೊದೆಯಲ್ಲಿ ಗೌರಿ ಹೂವಿನ ಹಾಗೇ ಕೆಂಪು ಹಳದಿ ಏನೋ ಅಲ್ಲಾಡುತ್ತಿತ್ತು. ನಾನು ಬರುವಷ್ಟರಲ್ಲಿ ಅವರು ಬುಡಕ್ಕೆ ಕುಂಕುಮ ಇಟ್ಟು, ಕಣ್ಣು ಮುಚ್ಚಿ ಕೈ ಮುಗಿದಿದ್ದರು. ನೋಡಿದರೆ ಚಿಪ್ಸ್ ಪ್ಯಾಕೆಟ್ಟು.

ಎಸೆದವನ ಮೋರೆಗೆ ಅದನ್ನೇ ತಿಕ್ಕಬೇಕೆನಿಸಿತು. ಅತ್ತೆಗೆ ಹೇಳದೆ, ಹತ್ತಿರದಲ್ಲೇ ನಿಜವಾದ ಬಳ್ಳಿ ಸಿಕ್ಕರೆ ಸಾಕೆಂದು ಹುಡುಕಿದೆ. ಗೌರಿ ಹೂವಿನ ಬಳ್ಳಿಯನ್ನು ಎಲೆ ನೋಡಿಯೇ ಗುರುತಿಸಬಹುದು. ಎಲೆಯ ತುದಿ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಂಡಿರುತ್ತದೆ. ಬೇಸಿಗೆಯಲ್ಲಿ ಒಣಗಿಹೋದರೂ ನೆಲದೊಳಗಿನ ಗೆಡ್ಡೆ ಮಳೆ ಬಿದ್ದೊಡನೆ ಚಿಗುರುತ್ತದೆ. ಬಂಡೆಯ ಹಿಂದೆ ಅಂಥದೊಂದು ಬಳ್ಳಿ ಇತ್ತು. ಒಂದೇ ಹೂವು, ಎಸಳೆಲ್ಲ ಹಿಂದಕ್ಕೆ ಬಾಗಿ, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಸುತ್ತ ಗಂಡಸರು ಉಚ್ಚೆ ಹೊಯ್ದು ಹೊಯ್ದು ಗಬ್ಬು ನಾತ. ಆದರೂ ಅತ್ತೆಯನ್ನು ಅಲ್ಲಿಗೇ ಕರೆದೆ.

ಅತ್ತೆ ತಡಕಾಡುತ್ತಾ ಬಂದು ಎಲೆತುದಿಯನ್ನು ಬೆರಳಿನಿಂದ ಸವರಿದರು. “ಇದು ದಿಟವಾದ್ದು” ಎಂದವರೇ ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಮನೇಲಿ ತೊಳೆದು ಇಡೋಣ ಅತ್ತೆ” ಎಂದೆ.

“ಮೂಸಿದ್ ಹೂವನ್ನೇ ದೇವ್ರಿಗೆ ಇಡಾಕಿಲ್ಲ. ಇದನ್ನ ಹೆಂಗವ್ವ ಇಡದು?” ಲಂಟಾನ ಪೊದೆಯ ಕಡೆ ತಿರುಗಿ ಕೇಳಿದರು, “ಹಂಗಾರೆ ನಾನ್ ಆಗ್ಲೇ ಕೈ ಮುಗುದಿದ್ದು ಯಾವುದ್ಕೆ?”

“ಚಿಪ್ಸ್ ಪ್ಯಾಕೆಟ್ಟಿಗೆ.”

ಅತ್ತೆ ನಗಲಿಲ್ಲ. ಬರಿ ಬುಟ್ಟಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಇಳಿಯತೊಡಗಿದರು.

“ಇರ್ಲಿ ಬುಡು” ಅಂದರು. “ಇನ್ಮ್ಯಾಕೆ ಈ ಬೆಟ್ಟದ್ ಮ್ಯಾಲೆ ಬೆಳೆಯಾದು ಅದೇಯ.”