ಹೆಣಕ್ಕೆ ಚುಚ್ಚಿದ ನೋಟು

ನಾಟಕ ನಡೆದಿರುವಾಗ ರಂಗಕ್ಕೆ ಹತ್ತಿ ನಟಿಯ ಸೆರಗಿಗೆ ನೋಟು ಚುಚ್ಚುವುದು ಕಲಾಭಿಮಾನವಲ್ಲ. ಅಭಿಮಾನ ಇದ್ದವನಿಗೆ ಟಿಕೀಟಿನ ಕಿಟಕಿ ಇದೆ, ಚಪ್ಪಾಳೆ ಹೊಡೆಯಲು ಎರಡು ಕೈ ಇವೆ. ಪಿನ್ನು ಹಿಡಿದು ಮೆಟ್ಟಿಲು ಹತ್ತುವವನಿಗೆ ಬೇಕಾದದ್ದೇ ಬೇರೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅದಕ್ಕೆ ‘ಆಯೇರಿ’ ಎಂದು ಮದುವೆಮನೆಯ ಉಡುಗೊರೆಯ ಹೆಸರಿಟ್ಟು, ಮೈಕಿನಲ್ಲಿ ಕೂಗಿಸಿ, ಹಲ್ಲು ಕಿಸಿದು ಕುಳಿತಿದ್ದೇವೆ.

ಸಿದ್ದೀಕಾ ಹಾಗೆ ಕುಳಿತುಕೊಳ್ಳಲಿಲ್ಲ.

ತಂಗಡಗಿಯ ಸಿದ್ದೀಕಾ ಸಿಂದಗಿಗೆ ಬಂದಾಗ ಎಳೆಯ ಹುಡುಗಿ. ಈಗ ತಲೆ ಅರ್ಧ ನರೆತಿದೆ. ಮೊದಲು ನಾಯಕಿ, ಆಮೇಲೆ ಅತ್ತಿಗೆ, ಈಗ ತಾಯಿ. ಎಲ್ಲ ಪಾತ್ರವನ್ನೂ ಮಾಡಿದ್ದು ಒಂದೇ ಥೇಟರಿನಲ್ಲಿ. ಬಸ್‌ಸ್ಟ್ಯಾಂಡಿನ ಹಿಂದೆ, ಮುಚ್ಚಿಹೋದ ಹತ್ತಿ ಜಿನ್ನಿನ ಗೋದಾಮಿನೊಳಗಿನ ಚೆನ್ನಮಲ್ಲೇಶ ನಾಟ್ಯಮಂದಿರ ಅದು. ಉಳಿದ ನಾಟಕ ಕಂಪನಿಗಳು ಊರೂರು ತಿರುಗಿ ಡೇರೆ ಹೊಡೆಯುತ್ತಿದ್ದಾಗ ಇದು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಜನರೇ ಇಲ್ಲಿಗೆ ಬಂದರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಹೆಂಗಸರು ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಟರ್ ಹತ್ತಿ ಬರುತ್ತಿದ್ದರು. ಅವರಿಗೆಂದೇ ಎಡಗಡೆಯ ಅರ್ಧ ಥೇಟರು ಮೀಸಲು. ಈಗ ಆ ಅರ್ಧದಲ್ಲಿ ಮೋಟಾರ್‌ಸೈಕಲ್ ನಿಲ್ಲಿಸುತ್ತಾರೆ. ಹೆಂಗಸರು ಯಾಕೆ ಬರುವುದನ್ನು ಬಿಟ್ಟರೆಂದು ಯಾರೂ ಕೇಳಲಿಲ್ಲ.

ಈ ಥೇಟರಿಗೆ ಒಬ್ಬರು ಖಾಯಂ ಕವಿ. ನಾಟಕ ಬರೆಯುವವರನ್ನು ಕಂಪನಿಯಲ್ಲಿ ಕವಿಗಳು ಎಂದೇ ಕರೆಯುವುದು. ಹೆಸರು ಮಾನಪ್ಪ, ಹಲಸಂಗಿ ಕಡೆಯವರು. ಪರದೆಯ ಹಿಂದಿನ ಖೋಲಿಯೇ ಅವರ ಮನೆ. ಇದ್ದ ನಟರ ಅಳತೆ ತೆಗೆದು ಅಂಗಿ ಹೊಲಿದಂತೆ ನಾಟಕ ಬರೆದವರು. ನಾಯಕನ ಗಂಟಲು ಕೆಟ್ಟ ವರ್ಷ ಮೂಕ ನಾಯಕನ ನಾಟಕ ಬಂತು. ಸಿದ್ದೀಕಾ ಬಸುರಾದಾಗ ಮೂರೂ ಅಂಕದಲ್ಲಿ ನಾಯಕಿ ಬಸುರಿ. ಆಯೇರಿಗೂ ಅವರು ಜಾಗ ಬಿಟ್ಟೇ ಬರೆಯುತ್ತಿದ್ದರು. ಹಾಡು ಮುಗಿದ ಕೂಡಲೇ ಒಂದಿಷ್ಟು ಹಾಸ್ಯ, ಮೈಕಿನ ಕೂಗು ನಿಲ್ಲುವವರೆಗೆ ಎಷ್ಟು ಬೇಕಾದರೂ ಎಳೆಯಬಹುದಾದದ್ದು.

ಒಂದು ದೃಶ್ಯಕ್ಕೆ ಮಾತ್ರ ಹಟ ಹಿಡಿದು ಜಾಗ ಬಿಡಲಿಲ್ಲ. ‘ಕಟ್ಟೆ ಏರಿದ ತಾಯಿ’ ನಾಟಕದ ಕೊನೆ. ಸತ್ತ ಮಗಳನ್ನು ಊರಕಟ್ಟೆಯ ಮೇಲೆ ನ್ಯಾಯಕ್ಕೆ ಕುಳಿತ ಪಂಚರ ಮುಂದೆ ಮಲಗಿಸಿ ತಾಯಿ ನ್ಯಾಯ ಕೇಳುತ್ತಾಳೆ. ಒಬ್ಬೊಬ್ಬ ಪಂಚನ ಮುಂದೆ ನಿಂತು ಒಂದೇ ಪ್ರಶ್ನೆ ಹಾಕುತ್ತಾಳೆ, ಕಡೆಗೆ ಪ್ರೇಕ್ಷಕರ ಕಡೆ ತಿರುಗುತ್ತಾಳೆ. ಬರೆದಂದಿನಿಂದ ಆ ದೃಶ್ಯ ತುಂಡಾಗದೆ ಒಮ್ಮೆಯೂ ಕೊನೆ ಮುಟ್ಟಿರಲಿಲ್ಲ.

ಹೋದ ತಿಂಗಳು ಹೆಣವಾಗಿ ಮಲಗಿದ್ದವಳು ಪಲ್ಲವಿ, ಕಂಪನಿಗೆ ಹೊಸಬಳು. ಸಿದ್ದೀಕಾ ಎದೆ ಬಡಿದುಕೊಂಡು ಅಳುತ್ತಿರುವಾಗಲೇ ಯಾವನೋ ಹತ್ತಿಬಂದು ಹೆಣದ ಭುಜಕ್ಕೆ ನೋಟು ಚುಚ್ಚಿದ. ಪಿನ್ನು ಸೀರೆ ದಾಟಿ ಒಳಗೆ ಇಳಿಯಿತು. ಹೆಣ “ಯವ್ವಾ!” ಎಂದು ಎದ್ದು ಕುಳಿತಿತು. ಥೇಟರಿಗೆ ಥೇಟರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಪರದೆ ಬಿದ್ದ ಮೇಲೆ ಪಲ್ಲವಿಯ ಭುಜಕ್ಕೆ ಅರಿಶಿನ ಒತ್ತುತ್ತಲೇ ಸಿದ್ದೀಕಾ ಮ್ಯಾನೇಜರ್ ಸುಭಾಸನನ್ನು ಕರೆಸಿದಳು.

“ಸುಭಾಸ, ಮುಂದಿನ ಆಟದಾಗ ಈ ಸೀನು ಕಡೀತನಕ ಹೋಗ್ಬೇಕು. ಯಾರೂ ಮ್ಯಾಲ ಹತ್ತಬಾರ್ದು.”

“ಆಯೇರಿ ನಿಂತ್ರ ಥೇಟರಿನ ಲೈಟಿನ ಬಿಲ್ಲು ನೀವ ಕಟ್ತೀರೇನ್ರಿ ಅಕ್ಕಾ?”

“ಹಾಡಿಗೆ ತಗೋ, ಕುಣಿತಕ್ಕ ತಗೋ, ಯಾರ್ ಬ್ಯಾಡ ಅಂದ್ರು? ಹೆಣಕ್ಕ ಬ್ಯಾಡ.”

“ದೊಡ್ಡ ಮಂದಿ ಅವರು. ಹತ್ತಿದವರನ್ನ ಹೆಂಗ ಇಳಸೂದು?”

ಮೂಲೆಯಲ್ಲಿ ಬಸಿಯಿಂದ ಚಹಾ ಹೀರುತ್ತಿದ್ದ ಮಾನಪ್ಪ ತಲೆ ಎತ್ತಿದರು. “ಬಿಡವ್ವಾ. ಹೆಣ ಒಳಗ ಇಡೂಣು. ಮಗಳು ಸತ್ಲು ಅಂತ ಬರೀ ಮಾತಿನಾಗ ಹೇಳಿಸಿ ಮುಗಸ್ತೇನಿ.”

“ಸತ್ತಾಕಿ ಯಾಕ ಒಳಗ ಹೋಗ್ಬೇಕ್ರಿ ಕವಿಗಳ? ಮಗಳು ಅಲ್ಲೇ ಮಲಗ್ತಾಳ. ನಾ ನೋಡ್ಕೋತೇನಿ.”

“ಹತ್ತಿದವನ ಮ್ಯಾಲ ಕೈ ಮಾಡ್ತೀ ಏನು?”

“ಕೈ ಯಾಕ್ರಿ? ಬಾಯಿ ಐತಲ್ಲ, ನೀವ ಕೊಟ್ಟದ್ದು.”

ಮುಂದಿನ ಆಟ ಬಿದ್ದದ್ದು ರವಿವಾರ ಮಧ್ಯಾಹ್ನ. ತಗಡು ಕಾದು ಥೇಟರು ಒಲೆಯಾಗಿತ್ತು. ಪಲ್ಲವಿ ಬಿಳಿ ಬಟ್ಟೆ ಹೊದ್ದು ಮಲಗಿದಳು. ಸಿದ್ದೀಕಾ ಮೊದಲ ಮಾತು ಆಡುವುದೇ ತಡ, ಮುಂದಿನ ಸಾಲಿನಿಂದ ಗುತ್ತೇದಾರ ಸಂಜೀವಕುಮಾರ ಎದ್ದು ರಂಗ ಹತ್ತಿದ. ಒಂದು ಕೈಯಲ್ಲಿ ನೋಟು, ಇನ್ನೊಂದರಲ್ಲಿ ಪಿನ್ನು. ಮೈಕಿನವನು ಆಗಲೇ “ಗುತ್ತೇದಾರ ಸಾಹುಕಾರರಿಂದ…” ಎಂದು ಶುರು ಹಚ್ಚಿದ್ದ.

ಸಿದ್ದೀಕಾ ಅಳು ನಿಲ್ಲಿಸಲಿಲ್ಲ. ಕಣ್ಣೀರು ಸುರಿಸುತ್ತಲೇ ಹೋಗಿ ಹೆಣಕ್ಕೂ ಅವನಿಗೂ ನಡುವೆ ನಿಂತಳು.

“ಬರ್ರಿ ಯಪ್ಪಾ. ಪಂಚರೊಳಗ ಒಬ್ರು ಕಡಿಮಿ ಬಿದ್ದಿದ್ರು. ಕಟ್ಟಿ ಮ್ಯಾಲ ಕುಂದರ್ರಿ.”

ಅವನು ನಕ್ಕ. “ಏ ಅಕ್ಕಾ, ಆಯೇರಿ ಐತಿ…”

“ಆಯೇರಿ ಮದುವ್ಯಾಗ ಮಾಡ್ತಾರ. ನನ್ನ ಮಗಳು ಸತ್ತು ಮಲಗ್ಯಾಳ. ಆಕೀಗಿ ನ್ಯಾಯ ಮಾಡ್ಬೇಕು. ಕುಂದರ್ರಿ.”

ಹಿರಿಯ ಪಂಚನ ಪಾತ್ರದಲ್ಲಿದ್ದ ಮಲಿಕಸಾಬ ಮೀಸೆ ತಿರುವುತ್ತಲೇ ಸರಿದು ಜಾಗ ಮಾಡಿದ. “ಬರ್ರಿ ಸಾಹುಕಾರ್ರ, ಕಟ್ಟಿ ಬೆಚ್ಚಗ ಐತಿ.” ಹಿಂದಿನಿಂದ, ಇನ್ನೂ ಬರುವುದನ್ನು ಬಿಡದ ಒಬ್ಬ ಮುದುಕಿಯ ದನಿ ಬಂತು: “ಕುಂದ್ರೋ ತಮ್ಮಾ, ನಾಟಕ ನೋಡೂಣು!” ನಗು ಎದ್ದಿತು. ಇಳಿದು ಹೋದರೆ ಓಡಿದ ಅನ್ನುತ್ತಾರೆ, ಚುಚ್ಚೋಣವೆಂದರೆ ದಾರಿಯಿಲ್ಲ. ಗುತ್ತೇದಾರ ಕುಳಿತ. ಮೈಕಿನವನು ಬಾಯಿ ಮುಚ್ಚಿದ.

ದೃಶ್ಯ ಮುಂದೆ ಸಾಗಿತು.

“ನನ್ನ ಮಗಳು ಒದರಿದಾಗ ನೀ ಎಲ್ಲಿದ್ದಿ?” ಮೊದಲ ಪಂಚ ಹೊಲದಲ್ಲಿದ್ದೆ ಎಂದ. ಎರಡನೆಯವನಿಗೆ ನಿದ್ದೆ ಹತ್ತಿತ್ತು. ಮಲಿಕಸಾಬ ಬಾಗಿಲು ಹಾಕಿಕೊಂಡಿದ್ದೆ ಎಂದ. ಸಿದ್ದೀಕಾ ಇನ್ನೊಂದು ಹೆಜ್ಜೆ ಸರಿದು ಗುತ್ತೇದಾರನ ಮುಂದೆ ನಿಂತಳು. ಅವನಿಗೆ ಮಾನಪ್ಪ ಮಾತು ಬರೆದಿರಲಿಲ್ಲ.

“ನೀ ಎಲ್ಲಿದ್ದಿ ಯಪ್ಪಾ?”

ಅವನು ಕೈಯಲ್ಲಿದ್ದ ಪಿನ್ನು ನೋಡಿದ. ಮಲಗಿದ್ದ ಪಲ್ಲವಿಯನ್ನು ನೋಡಿದ.

“ಇಲ್ಲೇ…” ಎಂದ. “ಮುಂದಿನ ಸಾಲಿನಾಗ ಕುಂತಿದ್ದೆ.”

ಯಾರೂ ನಗಲಿಲ್ಲ. ಹೆಣದ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು, ಅದಕ್ಕೂ ನಗಲಿಲ್ಲ. ಆಗ ಸಿದ್ದೀಕಾ ಪ್ರೇಕ್ಷಕರ ಕಡೆ ತಿರುಗಿದಳು. ಆ ಪ್ರಶ್ನೆಯನ್ನು ಥೇಟರಿಗೆಲ್ಲ ಕೇಳಿದಳು. ಪರದೆ ಬಿದ್ದಿತು.

ಒಳಗೆ ಮಾನಪ್ಪ ಗೊಣಗುತ್ತಿದ್ದರು. “ಆ ಮಾತು ನಾ ಬರದಿದ್ದಿಲ್ಲ. ಗುತ್ತೇದಾರ ಬರದಂಗಾತು.”

“ಚಲೋ ಐತಿಲ್ರಿ? ನೀವೂ ಬರ್ಕೋರಿ,” ಎಂದಳು ಸಿದ್ದೀಕಾ, ಬಣ್ಣ ಒರೆಸಿಕೊಳ್ಳುತ್ತ. ಸುಭಾಸನ ಕಡೆ ತಿರುಗಿ, “ಮುಂದಿನ ಆಟಕ್ಕೂ ಕಟ್ಟಿ ಮ್ಯಾಲ ಒಂದು ಜಾಗಾ ಖಾಲಿ ಇಡು. ಯಾರು ಹತ್ತಿದ್ರೂ ಕುಂದರಸ್ತೇನಿ.”

ಆಮೇಲೆ ಯಾರೂ ಹತ್ತಿಲ್ಲ, ಆ ಜಾಗ ಈಗಲೂ ಖಾಲಿ ಇದೆ. ಆದರೆ ನಿಮ್ಮೂರಿನ ನಾಟಕದಲ್ಲಿ ಅಂಥ ಕಟ್ಟೆ ಇರುವುದಿಲ್ಲ, ಸಿದ್ದೀಕಾಳೂ ಇರುವುದಿಲ್ಲ. ನೀವು ಇರುತ್ತೀರಿ. ಮುಂದಿನ ಸಲ ನಿಮ್ಮ ಪಕ್ಕದವನು ಪಿನ್ನು ಹಿಡಿದು ಎದ್ದಾಗ ಅವನ ಅಂಗಿ ಹಿಡಿದು ಜಗ್ಗಿ, ಕೂರಿಸಿ.